ಕಾಣುವ ಅಕ್ಷರ ಮತ್ತು ಕೇಳುವ ಅಕ್ಷರ: ದೃಷ್ಟಿಹೀನರ ಗಣಕವಾಚನದ ಚರಿತ್ರೆಯಲ್ಲಿ ಒಂದು ವಿಚಾರ

ಅಂಧರ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಅದನ್ನು ಉಪಕಾರಿಗಳ ಚರಿತ್ರೆಯಾಗಿಯೇ ಬರೆದಿದ್ದಾರೆ. ಯಾವ ಊರಿನಲ್ಲಿ ಯಾವಾಗ ಶಾಲೆ ಸ್ಥಾಪಿತವಾಯಿತು, ಅದಕ್ಕೆ ಯಾರು ದ್ರವ್ಯಸಹಾಯ ಮಾಡಿದರು, ಯಾವ ಯಂತ್ರವನ್ನು ಯಾರು ಕಂಡುಹಿಡಿದರು ಎಂಬ ವಿವರಗಳು ಅಲ್ಲಿ ವಿಪುಲವಾಗಿ ದೊರೆಯುತ್ತವೆ. ಈ ವಿವರಗಳು ಅವಶ್ಯವೇ ಸರಿ. ಆದರೆ ಅವುಗಳ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಹುದುಗಿಕೊಂಡಿದೆ: ಬರೆಹವೆಂದರೆ ಕಣ್ಣಿಗೆ ಕಾಣುವ ಆಕಾರವೋ, ಆ ಆಕಾರವು ಸೂಚಿಸುವ ಅಕ್ಷರವೋ? ಕಣ್ಣುಳ್ಳವರಿಗೆ ಇವೆರಡೂ ಬೇರೆಯೆಂದು ತೋರುವುದೇ ಇಲ್ಲ. ಆದರೆ ಇವು ಒಂದನ್ನೊಂದು ಅಗಲಿದಾಗಲೆಲ್ಲ ದೃಷ್ಟಿಹೀನ ವಾಚಕನು ಪುಸ್ತಕದಿಂದ ಹೊರಗುಳಿದಿದ್ದಾನೆ. ಗಣಕಯಂತ್ರದ ಪರದೆಯ ಮೇಲಿನ ಬರೆಹವನ್ನು ಓದಿ ಹೇಳುವ, ಸ್ಕ್ರೀನ್ ರೀಡರ್ ಎಂದು ಪ್ರಸಿದ್ಧವಾಗಿರುವ ತಂತ್ರಾಂಶದ ಸುಮಾರು ನಾಲ್ವತ್ತು ವರ್ಷಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಿ, ಕನ್ನಡ ಲಿಪಿಯ ವಿಷಯದಲ್ಲಿ ಅದು ಹೇಗೆ ಪರಿಣಮಿಸಿತೆಂಬುದನ್ನು ತೋರಿಸುವುದು ಪ್ರಕೃತ ಲೇಖನದಲ್ಲಿ ನಮ್ಮ ಉದ್ದೇಶ.

ಈ ಪ್ರಶ್ನೆ ಗಣಕಯಂತ್ರದಷ್ಟು ಹೊಸದಲ್ಲ. ೧೭೮೫ರಲ್ಲಿ ಪ್ಯಾರಿಸಿನಲ್ಲಿ ಅಂಧಬಾಲಕರ ಶಾಲೆಯನ್ನು ತೆರೆದ ವ್ಯಾಲಂಟೈನ್ ಹಾಯಿ ಎಂಬವನು ಮರುವರ್ಷವೇ ಉಬ್ಬಕ್ಷರದ ಪುಸ್ತಕವೊಂದನ್ನು ಮುದ್ರಿಸಿದನು. ಅವನು ಮಾಡಿದುದು ಇಷ್ಟೆ: ಕಣ್ಣಿಗಾಗಿ ಹುಟ್ಟಿದ ರೋಮನ್ ಅಕ್ಷರದ ಆಕಾರವನ್ನೇ ಕಾಗದದ ಮೇಲೆ ಉಬ್ಬಿಸಿ ಬೆರಳಿಗೆ ಒಪ್ಪಿಸಿದನು. ಆಕಾರವೇ ಅಕ್ಷರವೆಂಬ ನಂಬಿಕೆ ಅದರ ಬುಡದಲ್ಲಿತ್ತು. ಅದೇ ಶಾಲೆಯ ವಿದ್ಯಾರ್ಥಿಯಾಗಿದ್ದ ಲೂಯಿ ಬ್ರೈಲ್ ೧೮೨೯ರಲ್ಲಿ ಪ್ರಕಟಿಸಿದ ಆರು ಚುಕ್ಕೆಗಳ ಲಿಪಿಯು ಈ ನಂಬಿಕೆಯನ್ನು ಸಂಪೂರ್ಣವಾಗಿ ಕೈಬಿಟ್ಟಿತು. ಬ್ರೈಲನ ಅಕ್ಷರಕ್ಕೂ ಅಚ್ಚಿನ ಅಕ್ಷರಕ್ಕೂ ರೂಪಸಾಮ್ಯವಿಲ್ಲ. ಎರಡೂ ಒಂದೇ ವರ್ಣವನ್ನು ಸೂಚಿಸುತ್ತವೆ ಎಂಬುದಷ್ಟೇ ಅವುಗಳ ಸಂಬಂಧ. ಕಣ್ಣುಳ್ಳ ಉಪಾಧ್ಯಾಯರಿಗೆ ಇದು ರುಚಿಸಲಿಲ್ಲ. ಆ ಶಾಲೆ ಈ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದುದು ೧೮೫೪ರಲ್ಲಿ; ಬ್ರೈಲನು ತೀರಿಕೊಂಡು ಆಗಲೇ ಎರಡು ವರ್ಷಗಳಾಗಿದ್ದುವು.

ನಮ್ಮ ದೇಶದಲ್ಲಿ ಭಾರತೀ ಬ್ರೈಲ್ ಎಂಬ ಏಕರೂಪದ ಪದ್ಧತಿ ೧೯೫೧ರಲ್ಲಿ ನಿಷ್ಕರ್ಷೆಯಾಯಿತು. ಅದರ ರಚನೆಯಲ್ಲಿ ಭಾಷಾಶಾಸ್ತ್ರಜ್ಞರು ಗಮನಿಸಬೇಕಾದ ಅಂಶವೊಂದಿದೆ. ಕನ್ನಡದ 'ಕ', ನಾಗರಿಯ 'ಕ', ಬಂಗಾಳಿಯ 'ಕ' ಕಣ್ಣಿಗೆ ಬೇರೆಬೇರೆ. ಭಾರತೀ ಬ್ರೈಲಿನಲ್ಲಿ ಅವು ಒಂದೇ. ಒತ್ತಕ್ಷರವೆಂಬುದು ಅಲ್ಲಿ ಇಲ್ಲವೇ ಇಲ್ಲ. 'ಕನ್ನಡ' ಎಂಬ ಮಾತನ್ನು ಬರೆಯುವಾಗ ಕಕಾರ, ಸ್ವರವಿಲ್ಲವೆಂದು ತಿಳಿಸುವ ಒಂದು ಚುಕ್ಕೆ, ನಕಾರ, ಮತ್ತೆ ನಕಾರ, ಡಕಾರ ಎಂದು ಒಂದರ ಪಕ್ಕದಲ್ಲೊಂದನ್ನು ಇಡಬೇಕು. ಅಡಿಯಲ್ಲಿ ನೇತಾಡುವುದು, ಮೇಲೆ ಕೊಂಬು ಮೂಡುವುದು, ಹಿಂದಿನದು ಮುಂದಕ್ಕೆ ಸರಿಯುವುದು ಯಾವುದೂ ಇಲ್ಲ. ಉಚ್ಚಾರಣೆಯ ಕ್ರಮವೇ ಬರೆವಣಿಗೆಯ ಕ್ರಮ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ; ಮುಂದೆ ಇದರ ಪ್ರಯೋಜನ ಬೀಳುತ್ತದೆ.

ಇಪ್ಪತ್ತನೆಯ ಶತಮಾನದ ಯಂತ್ರಗಳಲ್ಲಿಯೂ ಹಾಯಿ ಮತ್ತು ಬ್ರೈಲರ ವಾದವೇ ಪುನಃ ತಲೆದೋರಿತು. ೧೯೭೧ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಪ್ಟಕಾನ್ ಎಂಬ ಉಪಕರಣವು ಅಚ್ಚಿನ ಅಕ್ಷರದ ಆಕಾರವನ್ನು ೧೪೪ ಸೂಕ್ಷ್ಮ ಕಡ್ಡಿಗಳ ಕಂಪನದಿಂದ ಬೆರಳ ತುದಿಗೆ ತಲಪಿಸುತ್ತಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಲಿನ್‌ವಿಲ್ ಅವರು ದೃಷ್ಟಿಹೀನಳಾದ ತಮ್ಮ ಮಗಳಿಗಾಗಿ ಇದರ ಕಲ್ಪನೆಯನ್ನು ಮಾಡಿದರು. ಯಾವ ಪುಸ್ತಕವನ್ನಾದರೂ ಯಾರ ಸಹಾಯವೂ ಇಲ್ಲದೆ ಓದಬಹುದೆಂಬುದು ಇದರ ದೊಡ್ಡ ಗುಣ. ಆದರೆ ಅಕ್ಷರವನ್ನು ಗುರುತಿಸುವ ಶ್ರಮವೆಲ್ಲ ಬೆರಳಿನದೇ. ೧೯೭೬ರ ಜನವರಿಯಲ್ಲಿ ರೇ ಕರ್ಜ್ವೈಲ್ ಅವರು ಪ್ರದರ್ಶಿಸಿದ ವಾಚನಯಂತ್ರವು ಇನ್ನೊಂದು ದಾರಿಯನ್ನು ಹಿಡಿಯಿತು. ಅದು ಪುಟದ ಚಿತ್ರವನ್ನು ತೆಗೆದುಕೊಂಡು, ಅದರಲ್ಲಿನ ಅಕ್ಷರಗಳನ್ನು ತಾನೇ ಗುರುತಿಸಿ, ಕೃತಕ ಧ್ವನಿಯಲ್ಲಿ ಓದುತ್ತಿತ್ತು. ಆಕಾರವು ಯಂತ್ರದೊಳಗೇ ಉಳಿದು, ಅಕ್ಷರ ಮಾತ್ರ ಹೊರಕ್ಕೆ ಬಂದಿತು. ಕೃತಕ ಧ್ವನಿಯ ವಿಷಯದಲ್ಲಿ ಎಂ.ಐ.ಟಿ.ಯ ಡೆನಿಸ್ ಕ್ಲಾಟ್ ಅವರ ಹೆಸರನ್ನು ಬಿಡುವಂತಿಲ್ಲ. ಅವರ ಸಂಶೋಧನೆಯಿಂದ ಹುಟ್ಟಿದ ಡೆಕ್‌ಟಾಕ್ ಎಂಬ ಧ್ವನಿಯಂತ್ರದ ಮುಖ್ಯ ಸ್ವರಕ್ಕೆ ಅವರ ಸ್ವಂತ ಕಂಠವೇ ಮಾದರಿ.

ಇದಿಷ್ಟು ಪೀಠಿಕೆ. ಇನ್ನು ಸ್ಕ್ರೀನ್ ರೀಡರಿನ ಹುಟ್ಟನ್ನು ನೋಡೋಣ. ಐ.ಬಿ.ಎಂ. ಸಂಸ್ಥೆಯ ಸಂಶೋಧನ ವಿಭಾಗದಲ್ಲಿ ಜಿಮ್ ಥ್ಯಾಚರ್ ಎಂಬ ಗಣಿತಜ್ಞರಿದ್ದರು. ಅವರ ಡಾಕ್ಟರೇಟ್ ಪದವಿಗೆ ಮಾರ್ಗದರ್ಶಕರಾಗಿದ್ದ ಜೆಸ್ಸಿ ರೈಟ್ ಅವರು ದೃಷ್ಟಿಹೀನರು. ಮುಂದೆ ಇಬ್ಬರೂ ಅದೇ ಸಂಸ್ಥೆಯಲ್ಲಿ ಸಹೋದ್ಯೋಗಿಗಳಾದರು. ೧೯೮೧ರಲ್ಲಿ ಐ.ಬಿ.ಎಂ. ತನ್ನ ವೈಯಕ್ತಿಕ ಗಣಕಯಂತ್ರವನ್ನು ಹೊರತಂದ ಬಳಿಕ, ಗುರುವಿಗಾಗಿ ಶಿಷ್ಯನು ಅದನ್ನು ಮಾತನಾಡಿಸುವ ತಂತ್ರಾಂಶವನ್ನು ರಚಿಸತೊಡಗಿದರು. ಅದು ಆ ದಶಕದ ಮಧ್ಯಭಾಗದಲ್ಲಿ 'ಐ.ಬಿ.ಎಂ. ಸ್ಕ್ರೀನ್ ರೀಡರ್' ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಒಂದು ಸರಕಿನ ಹೆಸರು ಆ ಜಾತಿಗೆಲ್ಲ ಹೆಸರಾದುದು ಹೀಗೆ.

ಈ ಕಾರ್ಯ ಅಷ್ಟು ಸುಲಭವಾಗಿ ಸಾಧ್ಯವಾದುದೇಕೆ ಎಂಬುದನ್ನು ತಿಳಿಯಲು ಅಂದಿನ ಪರದೆಯ ರಚನೆಯನ್ನು ಸ್ವಲ್ಪ ನೋಡಬೇಕು. ಡಾಸ್ ಎಂಬ ವ್ಯವಸ್ಥೆಯಲ್ಲಿ ಪರದೆಯೆಂದರೆ ಇಪ್ಪತ್ತೈದು ಸಾಲು, ಸಾಲಿಗೆ ಎಂಬತ್ತು ಮನೆ. ಒಟ್ಟು ಎರಡು ಸಾವಿರ ಮನೆಗಳ ಒಂದು ಪಟ. ಪ್ರತಿಯೊಂದು ಮನೆಯಲ್ಲಿಯೂ ಒಂದು ಅಕ್ಷರದ ಸಂಕೇತ, ಅದರ ಬಣ್ಣವನ್ನು ತಿಳಿಸುವ ಇನ್ನೊಂದು ಸಂಖ್ಯೆ. ಪರದೆಯ ಮೇಲೆ ಕಾಣುವ ಆಕಾರವು ಕೊನೆಯ ಘಳಿಗೆಯಲ್ಲಿ ಮೂಡುವ ನೆರಳು ಮಾತ್ರ. ಯಂತ್ರದ ನೆನಪಿನಲ್ಲಿದ್ದುದು ಅಕ್ಷರವೇ. ಸ್ಕ್ರೀನ್ ರೀಡರ್ ಪರದೆಯನ್ನು ನೋಡುವುದಿಲ್ಲ, ಅದಕ್ಕೆ ಕಣ್ಣಿಲ್ಲ. ಅದು ಪರದೆಯ ಹಿಂದಿರುವ ಸಂಕೇತಗಳನ್ನು ಎತ್ತಿಕೊಂಡು ಧ್ವನಿಯಂತ್ರಕ್ಕೆ ಒಪ್ಪಿಸುತ್ತದೆ. ಹಿಂದೆ ಅಕ್ಷರವಿದ್ದರೆ ಓದುತ್ತದೆ, ಇಲ್ಲದಿದ್ದರೆ ಮೂಕವಾಗುತ್ತದೆ. ಈ ಚರಿತ್ರೆಯ ಮುಂದಿನ ಸುಖದುಃಖಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟಿದುವೆಂದರೆ ಅತಿಶಯೋಕ್ತಿಯಾಗಲಾರದು.

ಡಾಸ್ ಯುಗವು ದೃಷ್ಟಿಹೀನ ಉದ್ಯೋಗಿಗಳಿಗೆ ಒಂದು ರೀತಿಯ ಸುಭಿಕ್ಷಕಾಲವಾಗಿತ್ತು. ಆ ಕಾಲದ ನಿರ್ಮಾಪಕರಲ್ಲಿ ಟೆಡ್ ಹೆಂಟರ್ ಅವರದು ವಿಶಿಷ್ಟ ಜೀವನ. ಮೋಟಾರುಸೈಕಲ್ ಪಂದ್ಯಗಳ ಸ್ಪರ್ಧಾಳುವಾಗಿದ್ದ ಅವರು ೧೯೭೮ರಲ್ಲಿ ಕಾರು ಅಪಘಾತವೊಂದರಲ್ಲಿ ದೃಷ್ಟಿಯನ್ನು ಕಳೆದುಕೊಂಡರು, ಗಣಕವಿದ್ಯೆಯನ್ನು ಕಲಿತರು, ೧೯೮೭ರಲ್ಲಿ ಬಿಲ್ ಜಾಯ್ಸ್ ಅವರೊಡನೆ ಸೇರಿ ಫ್ಲಾರಿಡದಲ್ಲಿ ಸಂಸ್ಥೆಯೊಂದನ್ನು ಕಟ್ಟಿ, ೧೯೮೯ರಲ್ಲಿ 'ಜಾಸ್' ಎಂಬ ತಂತ್ರಾಂಶವನ್ನು ಹೊರತಂದರು. ಧ್ವನಿಯ ಮೂಲಕ ಉದ್ಯೋಗಕ್ಕೆ ಪ್ರವೇಶ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆ ಹೆಸರಾಗಿದೆ. ಅದರಲ್ಲಿ ಎರಡು ಸೂಚಕಗಳಿದ್ದುವು: ಒಂದು ಬರೆಯುವ ಸ್ಥಳದಲ್ಲಿ ನಿಂತಿರುತ್ತಿತ್ತು, ಇನ್ನೊಂದು, ಕಣ್ಣುಳ್ಳವನ ದೃಷ್ಟಿ ಪುಟದ ಮೇಲೆ ಅಲೆದಾಡುವಂತೆ, ಪರದೆಯ ಯಾವ ಮೂಲೆಗಾದರೂ ಹೋಗಿ ಓದಿ ಬರುತ್ತಿತ್ತು. ಉಪಯೋಗಿಸುವವನೇ ನಿರ್ಮಿಸಿದ ವಸ್ತುವಿನಲ್ಲಿ ಇಂಥ ಸೂಕ್ಷ್ಮಗಳು ತಾವಾಗಿಯೇ ಬರುತ್ತವೆ.

ಈ ಸುಭಿಕ್ಷ ಬಹುಕಾಲ ಉಳಿಯಲಿಲ್ಲ. ೧೯೮೪ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಯಂತ್ರವೂ, ೧೯೯೦ರಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ ಮೂರನೆಯ ಆವೃತ್ತಿಯೂ ಬಂದುವು. ಇವುಗಳಲ್ಲಿ ಪರದೆಯು ಅಕ್ಷರಗಳ ಪಟವಾಗಿ ಉಳಿಯದೆ ಚಿತ್ರಫಲಕವಾಯಿತು. ಅಕ್ಷರವನ್ನೂ, ಗೆರೆಯನ್ನೂ, ಕಸದ ಬುಟ್ಟಿಯ ಚಿತ್ರವನ್ನೂ ಯಂತ್ರವು ಒಂದೇ ರೀತಿಯಲ್ಲಿ ಚುಕ್ಕೆಗಳಾಗಿ ಬಿಡಿಸತೊಡಗಿತು. ಕಣ್ಣುಳ್ಳ ಜಗತ್ತು ಇದನ್ನು ಸರಳತೆಯೆಂದು ಕೊಂಡಾಡಿತು. ಸ್ಕ್ರೀನ್ ರೀಡರ್ ಮಾತ್ರ ಪರದೆಯ ಹಿಂದೆ ಕೈಯಿಟ್ಟು ತಡವರಿಸಿತು. ಅಲ್ಲಿ ಅಕ್ಷರವೇ ಇರಲಿಲ್ಲ. ಲಾರೆನ್ಸ್ ಬಾಯ್ಡ್, ವೆಸ್ಲಿ ಬಾಯ್ಡ್ ಮತ್ತು ಗ್ರೆಗ್ ವ್ಯಾಂಡರ್‌ಹೈಡನ್ ಅವರು ೧೯೯೦ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲಿಯೇ ಬಿಕ್ಕಟ್ಟು, ಅಪಾಯ, ಅವಕಾಶ ಎಂಬ ಮೂರು ಮಾತುಗಳಿವೆ. ಟೈಪು ಮಾಡಿ ಜೀವನ ನಡೆಸುತ್ತಿದ್ದವರಿಗೆ, ಕಚೇರಿ ಹೊಸ ಯಂತ್ರವನ್ನು ಕೊಂಡ ದಿನವೇ ಕೆಲಸವು ಕೈಬಿಡುವ ಭಯವಿತ್ತು. ಇದನ್ನು ನೆನೆದರೆ ಆ ಶೀರ್ಷಿಕೆಯಲ್ಲಿ ಉತ್ಪ್ರೇಕ್ಷೆ ಕಾಣುವುದಿಲ್ಲ.

ಪರಿಹಾರವು ಚಮತ್ಕಾರದ್ದು. ಯಂತ್ರವು ಚಿತ್ರವನ್ನು ಬಿಡಿಸುವ ಮುನ್ನ, 'ಇಲ್ಲಿ ಈ ಅಕ್ಷರವನ್ನು ಬರೆ' ಎಂಬ ಆಜ್ಞೆ ಅದರೊಳಗೆ ಹಾದುಹೋಗಲೇಬೇಕಷ್ಟೆ. ಆ ಆಜ್ಞೆಗಳನ್ನು ದಾರಿಯಲ್ಲಿಯೇ ತಡೆದು, ಪ್ರತಿಮಾಡಿಕೊಂಡು, ಪರದೆಯಲ್ಲಿ ಎಲ್ಲಿ ಏನಿದೆಯೆಂಬುದರ ಒಂದು ಗುಪ್ತ ಲೆಕ್ಕವನ್ನು ಇಟ್ಟುಕೊಳ್ಳುವುದು ಆ ಉಪಾಯ. ಪರದೆಯ ಹೊರಗಿನ ಪರದೆಯೆಂದು ಇದನ್ನು ಕರೆಯಬಹುದು. ೧೯೮೯ರಲ್ಲಿ ಬರ್ಕ್ಲಿ ಸಿಸ್ಟಮ್ಸ್ ಸಂಸ್ಥೆ ಮ್ಯಾಕಿಂಟಾಷಿಗಾಗಿ ರಚಿಸಿದ 'ಔಟ್‌ಸ್ಪೋಕನ್' ಈ ಮಾರ್ಗದಲ್ಲಿ ಮೊದಲನೆಯದು, ಐ.ಬಿ.ಎಂ.ನ ರಿಚರ್ಡ್ ಷ್ವರ್ಟ್‌ಫೇಗರ್ ಅವರು ಈ ವಿಧಾನವನ್ನು ೧೯೯೧ರಲ್ಲಿ 'ಬೈಟ್' ಪತ್ರಿಕೆಯಲ್ಲಿ ವಿವರಿಸಿದರು. ೧೯೯೫ರಲ್ಲಿ ಜಾಸ್ ಕೂಡ ವಿಂಡೋಸಿಗೆ ಬಂದಿತು. ಆದರೆ ಕದ್ದು ಕೇಳಿ ಕಟ್ಟಿದ ಲೆಕ್ಕ ಯಾವಾಗಲೂ ಪೂರ್ತಿಯಾಗಿರುವುದಿಲ್ಲ. ಹೆಸರಿಲ್ಲದ ಚಿತ್ರಕ್ಕೆ ಲೆಕ್ಕದಲ್ಲಿಯೂ ಹೆಸರಿಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು ದೃಷ್ಟಿಹೀನ ನೌಕರರಿಗೆ ಉಪಯೋಗವಾಗದ ವಿಂಡೋಸ್ ೯೫ನ್ನು ತಾನು ಕೊಳ್ಳುವುದಿಲ್ಲವೆಂದು ಬೆದರಿಸಿದುದು ಈ ಸಂದರ್ಭದಲ್ಲಿ. ತರುವಾಯ, ೧೯೯೭ರಲ್ಲಿ, ಮೈಕ್ರೋಸಾಫ್ಟ್ ಹೊಸದೊಂದು ಏರ್ಪಾಟನ್ನು ಪ್ರಕಟಿಸಿತು. ಇದರ ಪ್ರಕಾರ ಗುಂಡಿ, ಪಟ್ಟಿ, ಕಿಟಕಿಗಳು ತಮ್ಮ ಹೆಸರೇನು, ಕೆಲಸವೇನು, ಸ್ಥಿತಿಯೇನು ಎಂಬುದನ್ನು ಕೇಳಿದವರಿಗೆ ತಾವೇ ಹೇಳಬೇಕು. ಕದ್ದು ಕೇಳುವ ಕಾಲ ಹೋಗಿ, ಕೇಳಿ ತಿಳಿಯುವ ಕಾಲ ಬಂದಿತು. ಖರೀದಿದಾರನ ಒತ್ತಾಯವಿಲ್ಲದೆ ಕೇವಲ ಸದ್ಭಾವದಿಂದ ಈ ಬದಲಾವಣೆ ಇಷ್ಟು ಬೇಗ ಆಗುತ್ತಿತ್ತೇ ಎಂಬುದು ನಮಗೆ ಸಂದೇಹ. ಅದೇ ವರ್ಷ ಅದೇ ಸಂಸ್ಥೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ನಾಲ್ಕನೆಯ ಆವೃತ್ತಿ ಈ ಏರ್ಪಾಟಿಲ್ಲದೆಯೇ ಹೊರಬಿದ್ದು, ಆಕ್ಷೇಪಣೆಗಳ ತರುವಾಯ ತಿದ್ದುಪಡಿಯಾಗಬೇಕಾಯಿತು.

ಇಲ್ಲಿ ಭಾರತೀಯರೊಬ್ಬರ ಕೊಡುಗೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಪುಣೆಯಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡ ಟಿ. ವಿ. ರಾಮನ್ ಅವರು ಮುಂಬಯಿಯ ಐ.ಐ.ಟಿ.ಯಲ್ಲಿ ಓದಿ, ೧೯೯೪ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಡಾಕ್ಟರೇಟ್ ಪ್ರಬಂಧವನ್ನು ಸಲ್ಲಿಸಿದರು. ಗಣಿತದ ಸಮೀಕರಣಗಳನ್ನು ಕಿವಿಗೆ ಒಪ್ಪುವಂತೆ ನುಡಿಯುವ ವ್ಯವಸ್ಥೆ ಅದರ ವಿಷಯ. ಅದಕ್ಕೆ ತಮ್ಮನ್ನು ನಡೆಸುತ್ತಿದ್ದ ನಾಯಿಯ ಹೆಸರಾದ 'ಆಸ್ಟರ್' ಎಂಬುದನ್ನೇ ಇಟ್ಟರು. ಮರುವರ್ಷ ಅವರು ಪ್ರಕಟಿಸಿದ 'ಈಮ್ಯಾಕ್‌ಸ್ಪೀಕ್' ಪರದೆಯನ್ನು ಓದುವ ಗೊಡವೆಗೇ ಹೋಗುವುದಿಲ್ಲ. ದಿನದರ್ಶಿಕೆಯಲ್ಲಿ ದಿನಾಂಕವೆಂಬುದು ಕಣ್ಣಿಗೆ ಚೌಕದೊಳಗಿನ ಒಂದು ಅಂಕೆ. ಪರದೆಯನ್ನು ಓದಿದರೆ ಬರಿಯ ಅಂಕೆ ಕೇಳಿಸುತ್ತದೆ. ರಾಮನ್ ಅವರ ತಂತ್ರಾಂಶವು ವಾರ, ತಿಂಗಳು, ವರ್ಷಗಳನ್ನು ಸೇರಿಸಿ ಹೇಳುತ್ತದೆ. ಏಕೆಂದರೆ ಅದು ಓದುವುದು ಚೌಕವನ್ನಲ್ಲ, ದಿನವನ್ನು. ಆಕಾರವನ್ನು ಬಿಟ್ಟು ಅರ್ಥವನ್ನು ಹಿಡಿಯುವುದರಲ್ಲಿ ಇದು ಬ್ರೈಲನಿಗಿಂತ ಒಂದು ಹೆಜ್ಜೆ ಮುಂದೆ ಎನ್ನಲು ನಾವು ಹಿಂಜರಿಯುವುದಿಲ್ಲ.

ಬೆಲೆಯ ಮಾತು ಬೇರೆ. ಜಾಸ್ ತಂತ್ರಾಂಶದ ಬೆಲೆ ಸಾವಿರ ಡಾಲರಿನ ಆಸುಪಾಸಿನಲ್ಲಿದ್ದ ಕಾಲದಲ್ಲಿ ನಮ್ಮ ಜಿಲ್ಲೆಗಳ ವಿದ್ಯಾರ್ಥಿಗೆ ಅದು ಯಂತ್ರಕ್ಕಿಂತ ದುಬಾರಿಯಾಗಿತ್ತು. ೨೦೦೬ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಅವರು ಆರಂಭಿಸಿ, ಜೇಮ್ಸ್ ಟೇ ಅವರೊಡನೆ ಬೆಳೆಸಿದ 'ಎನ್.ವಿ.ಡಿ.ಎ.' ಈ ಅಡ್ಡಿಯನ್ನು ತೆಗೆದುಹಾಕಿತು. ಇಬ್ಬರೂ ದೃಷ್ಟಿಹೀನರು; ತಂತ್ರಾಂಶವು ಉಚಿತ, ಅದರ ಮೂಲವೂ ಮುಕ್ತ. ಅದರೊಡನೆ ಬರುವ 'ಈಸ್ಪೀಕ್' ಎಂಬ ಧ್ವನಿವ್ಯವಸ್ಥೆಯನ್ನು ಇಂಗ್ಲೆಂಡಿನ ಜಾನಥನ್ ಡಡಿಂಗ್‌ಟನ್ ಅವರು ೧೯೯೫ರಲ್ಲಿಯೇ ಬೇರೊಂದು ಯಂತ್ರಕ್ಕಾಗಿ ತೊಡಗಿದ್ದರು. ಮನುಷ್ಯಕಂಠದ ತುಣುಕುಗಳನ್ನು ಜೋಡಿಸದೆ ನಿಯಮಗಳಿಂದಲೇ ಧ್ವನಿಯನ್ನು ಹುಟ್ಟಿಸುವುದರಿಂದ ಅದು ಗಾತ್ರದಲ್ಲಿ ಅತ್ಯಲ್ಪ. ಹೊಸ ಭಾಷೆಯನ್ನು ಸೇರಿಸಲು ಆ ಭಾಷೆಯ ಉಚ್ಚಾರಣನಿಯಮಗಳು ಸಾಕು. ಕನ್ನಡವೂ ಅದರಲ್ಲಿ ಸೇರಿತು. ಹಿಂದಿಯಲ್ಲಿ ಬರೆದ ಅಕಾರವು ಎಲ್ಲಿ ಲೋಪವಾಗುತ್ತದೆಂದು ಯಂತ್ರಕ್ಕೆ ಕಲಿಸುವುದು ಕಷ್ಟ. ಕನ್ನಡದಲ್ಲಿ ಬರೆದುದನ್ನೆಲ್ಲ ನುಡಿಯುವುದರಿಂದ ಆ ತೊಡಕಿಲ್ಲ. ಧ್ವನಿ ಯಾಂತ್ರಿಕವಾಗಿದೆಯೆಂದು ಕೇಳಿದವರು ಹೇಳುವುದುಂಟು. ಅದನ್ನು ನಿತ್ಯವೂ ಬಳಸುವವರು ನಾವು ಹಿಂಬಾಲಿಸಲಾರದ ವೇಗದಲ್ಲಿ ಕೇಳುತ್ತಾರೆ. ಅವರಿಗೆ ಬೇಕಾದುದು ಮಾಧುರ್ಯಕ್ಕಿಂತ ಸ್ಪಷ್ಟತೆ.

ಯಂತ್ರವೂ, ಧ್ವನಿಯೂ, ಬೆಲೆಯೂ ಅನುಕೂಲವಾದ ಮೇಲೆ ಕನ್ನಡದ ದೃಷ್ಟಿಹೀನ ವಾಚಕನು ಕನ್ನಡ ಕಡತವನ್ನು ತೆರೆದಾಗ ಅಲ್ಲಿ ಏನಿತ್ತು? ಕನ್ನಡವಿರಲಿಲ್ಲ. ಇದು ನಮ್ಮ ಲೇಖನದ ಮುಖ್ಯ ಭಾಗ.

ಗಣಕಯಂತ್ರದಲ್ಲಿ ಕನ್ನಡವನ್ನು ಮೂಡಿಸುವ ಮೊದಲ ಪ್ರಯತ್ನಗಳೆಲ್ಲ ಮುದ್ರಣದ ದೃಷ್ಟಿಯಿಂದ ನಡೆದುವು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ, ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತು ನಿರ್ಮಿಸಿ ರಾಜ್ಯ ಸರ್ಕಾರ ಅಂಗೀಕರಿಸಿದ 'ನುಡಿ' ಇವುಗಳಿಂದ ಕನ್ನಡಕ್ಕೆ ಆದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಕಾಲದ ಯಂತ್ರದಲ್ಲಿ ಒಂದು ಅಕ್ಷರಮಾಲೆಗೆ ದೊರೆಯುತ್ತಿದ್ದುದು ೨೫೬ ಸ್ಥಾನಗಳು ಮಾತ್ರ. ಗುಣಿತ, ಒತ್ತುಗಳೆಲ್ಲ ಅಲ್ಲಿ ಹಿಡಿಸುವಂತಿರಲಿಲ್ಲ. ಆದುದರಿಂದ ಕನ್ನಡದ ಅಕ್ಷರಗಳನ್ನು ತಲೆಕಟ್ಟು, ಒಡಲು, ಒತ್ತು, ಕೊಂಬು ಎಂದು ಚೂರುಗಳಾಗಿ ಒಡೆದು, ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಯಿತು. ಅಚ್ಚುಮೊಳೆ ಜೋಡಿಸುವವನ ಪೆಟ್ಟಿಗೆಯೇ ಯಂತ್ರದೊಳಕ್ಕೆ ಹೋಯಿತೆನ್ನಬಹುದು.

ಇದರ ಫಲವನ್ನು ಒಂದು ಉದಾಹರಣೆಯಿಂದ ತೋರಿಸುತ್ತೇವೆ. ನುಡಿಯ ಹಳೆಯ ಪದ್ಧತಿಯಲ್ಲಿ 'ಕನ್ನಡ' ಎಂದು ಬರೆದರೆ ಯಂತ್ರದ ನೆನಪಿನಲ್ಲಿ ನಿಲ್ಲುವುವು ಏಳು ಗುರುತುಗಳು: ಇಂಗ್ಲಿಷಿನ 'ಪಿ', ತಲೆಯ ಮೇಲೆ ಗೀಟುಳ್ಳ 'ಎ', ಬ್ರಿಟಿಷ್ ಪೌಂಡ್ ನಾಣ್ಯದ ಚಿಹ್ನೆ, ಪುನಃ ಅದೇ 'ಎ', ಜರ್ಮನರ ಜೋಡಿ ಸಕಾರ, 'ಕ್ಯೂ', ಮತ್ತೊಮ್ಮೆ ಅದೇ 'ಎ'. ಪರದೆಯ ಮೇಲೆ ಅಂದವಾದ ಕನ್ನಡ. ಅದರ ಹಿಂದೆ ಯಾವ ಭಾಷೆಗೂ ಸೇರದ ಈ ಸಾಲು. ಅರ್ಕಾವೊತ್ತಿನ ಅವಸ್ಥೆ ಇನ್ನೂ ವಿಚಿತ್ರ. 'ಕರ್ನಾಟಕ' ಎಂಬಲ್ಲಿ ರಕಾರವು ನಾಕಾರಕ್ಕಿಂತ ಮೊದಲು ಉಚ್ಚರಿತವಾದರೂ ಬರೆವಣಿಗೆಯಲ್ಲಿ ಅದರ ಬಲಗಡೆಗೆ ಬರುತ್ತದಷ್ಟೆ. ಹಳೆಯ ಪದ್ಧತಿ ಕಣ್ಣಿನ ಕ್ರಮವನ್ನೇ ಅನುಸರಿಸಿ, ಕ, ನಾ, ರ್, ಟ, ಕ ಎಂದು ಇಟ್ಟಿತು. ಹಾಯಿಯ ಉಬ್ಬಕ್ಷರದಂತೆ ಇದೂ ಆಕಾರದ ಆರಾಧನೆ. ಸುಮಾರು ಒಂದೂವರೆ ದಶಕ ಕನ್ನಡದಲ್ಲಿ ಅಚ್ಚಾದ ಪುಸ್ತಕಗಳ, ಪತ್ರಿಕೆಗಳ, ಕಚೇರಿಯ ಪತ್ರಗಳ ಮೂಲಪ್ರತಿಗಳು ಬಹುಮಟ್ಟಿಗೆ ಇಂಥ ಪದ್ಧತಿಗಳಲ್ಲಿ ಸಿದ್ಧವಾದುವು. ಕಣ್ಣುಳ್ಳವರಿಗೆ ಅವು ಕನ್ನಡ ಗ್ರಂಥಗಳು. ಇಲ್ಲದವರಿಗೆ ಗ್ರಂಥಗಳೇ ಅಲ್ಲ.

ವಿಪರ್ಯಾಸವೆಂದರೆ, ಇದಕ್ಕೆ ಪರ್ಯಾಯ ಆಗಲೇ ಇತ್ತು. ಭಾರತೀಯ ಲಿಪಿಗಳಿಗಾಗಿ ೧೯೮೮ರಲ್ಲಿ ರೂಪುಗೊಂಡ ಇಸ್ಕಿ ಸಂಕೇತವೂ, ಅದನ್ನು ಅನುಸರಿಸಿ ೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ದೊರೆತ ಸ್ಥಾನಗಳೂ ಉಚ್ಚಾರಣೆಯ ಕ್ರಮವನ್ನೇ ಹಿಡಿದಿದ್ದುವು. ಯೂನಿಕೋಡಿನಲ್ಲಿ 'ಕನ್ನಡ'ವೆಂದರೆ ಐದು ಸಂಕೇತಗಳು: ಕ, ನ, ಸ್ವರವಿಲ್ಲವೆನ್ನುವ ಗುರುತು, ನ, ಡ. ಭಾರತೀ ಬ್ರೈಲಿನಲ್ಲಿಯೂ ಐದೇ. ಸ್ವರಲೋಪದ ಗುರುತು ಅಲ್ಲಿ ವ್ಯಂಜನಕ್ಕೆ ಮೊದಲು, ಇಲ್ಲಿ ಅನಂತರ ಎಂಬುದಷ್ಟೇ ಭೇದ. ೧೯೫೧ರಲ್ಲಿ ಬೆರಳಿಗಾಗಿ ಕಂಡುಕೊಂಡ ವಿವೇಕವನ್ನು ಯಂತ್ರಕ್ಕಾಗಿ ಪುನಃ ಕಂಡುಕೊಳ್ಳಬೇಕಾಯಿತು. ಅಕ್ಷರವನ್ನು ಅಕ್ಷರವಾಗಿ ಇಟ್ಟು, ಒತ್ತುಗಳನ್ನು ಜೋಡಿಸುವ ಕೆಲಸವನ್ನು ಪರದೆಗೆ ಬಿಡುವ ಈ ಪದ್ಧತಿಗೆ ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಆಸರೆ ದೊರೆಯಿತು. ಆದರೂ ಮುದ್ರಣಾಲಯಗಳು ಬಹುಕಾಲ ಹಳೆಯದನ್ನು ಬಿಡಲಿಲ್ಲ. ಪುಟವಿನ್ಯಾಸದ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತಿರಲಿಲ್ಲವೆಂಬುದು ಅವರ ಸಮಾಧಾನ. ಅದರಲ್ಲಿ ಸತ್ಯವೂ ಇತ್ತು.

ಕಾನೂನು ಈ ನಡುವೆ ಮುಂದಕ್ಕೆ ಹೋಗಿತ್ತು. ೨೦೧೨ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಶಾಸನವು, ಅಂಗವೈಕಲ್ಯವುಳ್ಳವರಿಗಾಗಿ ಪುಸ್ತಕವನ್ನು ಅನುಕೂಲ ರೂಪಕ್ಕೆ ತರುವುದು ಸ್ವಾಮ್ಯದ ಉಲ್ಲಂಘನೆಯಲ್ಲವೆಂದಿತು. ೨೦೧೩ರ ಮರಾಕೆಷ್ ಒಪ್ಪಂದವನ್ನು ಮರುವರ್ಷ ಸ್ಥಿರೀಕರಿಸಿದ ದೇಶಗಳಲ್ಲಿ ಭಾರತವೇ ಮೊದಲನೆಯದು. ೨೦೧೬ರಲ್ಲಿ 'ಸುಗಮ್ಯ ಪುಸ್ತಕಾಲಯ'ವೂ ತೆರೆಯಿತು. ಹೀಗೆ ಪುಸ್ತಕವನ್ನು ಮಾರ್ಪಡಿಸುವ ಹಕ್ಕು ದೊರೆಯಿತು. ಕನ್ನಡದ ಮಟ್ಟಿಗೆ ಮಾರ್ಪಡಿಸಲು ಅಕ್ಷರ ಬೇಕಿತ್ತು. ಹಳೆಯ ಗ್ರಂಥಗಳ ಪುಟಗಳನ್ನು ಚಿತ್ರವಾಗಿ ತೆಗೆದು ಸಂಗ್ರಹಿಸಿದ ಉದ್ಯಮಗಳಿಂದ ಸಂಶೋಧಕರಿಗೆ ಮಹದುಪಕಾರವಾಗಿದೆಯಾದರೂ, ಸ್ಕ್ರೀನ್ ರೀಡರಿಗೆ ಪುಟದ ಚಿತ್ರವೆಂದರೆ ಖಾಲಿ ಹಾಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಮತ್ತು ಅವರ ಸಂಗಡಿಗರು ರೂಪಿಸಿದ 'ಲಿಪಿ ಜ್ಞಾನಿ'ಯಂಥ, ಚಿತ್ರದಿಂದ ಕನ್ನಡ ಅಕ್ಷರವನ್ನು ಗುರುತಿಸುವ ತಂತ್ರಾಂಶಗಳ ಬೆಲೆ ಇಲ್ಲಿ ತಿಳಿಯುತ್ತದೆ. ಅರ್ಧಶತಮಾನದ ಹಿಂದೆ ಕರ್ಜ್ವೈಲ್ ಇಂಗ್ಲಿಷಿಗೆ ಮಾಡಿದುದನ್ನು ಒತ್ತಕ್ಷರಗಳ ಲಿಪಿಗೆ ಮಾಡುವುದು ಬಹಳ ಕ್ಲೇಶದ ಕಾರ್ಯ.

ಕೊನೆಯದಾಗಿ ನಮ್ಮದೇ ಅನುಭವವೊಂದನ್ನು ದಾಖಲಿಸುತ್ತೇವೆ. ಸಂಶೋಧನೆಗಾಗಿ ನಮ್ಮಲ್ಲಿಗೆ ಬಂದ ದೃಷ್ಟಿಹೀನ ವಿದ್ಯಾರ್ಥಿಯೊಬ್ಬರು ಹಿಂದಿನ ಲೇಖನಗಳನ್ನು ಕೇಳಿದಾಗ, ಮುದ್ರಣಕ್ಕಾಗಿ ಸಿದ್ಧವಾಗಿದ್ದ ಕಡತಗಳನ್ನೇ ಅವರ ಕೈಗಿತ್ತು, ಉಪಕಾರ ಮಾಡಿದೆವೆಂದು ತಿಳಿದಿದ್ದೆವು. ಎರಡು ದಿನದ ಮೇಲೆ ಅವರು ಬಂದು, 'ಸಾರ್, ನೀವು ಕೊಟ್ಟಿದ್ದರಲ್ಲಿ ಪೌಂಡುಗಳ ಲೆಕ್ಕ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲವಲ್ಲ' ಎಂದರು. ಆಗ ಆ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸ ತೊಡಗಿತು. ಪರಿವರ್ತನೆಯ ತಂತ್ರಾಂಶವು ಅರ್ಕಾವೊತ್ತುಗಳನ್ನು ಕೆಲವೆಡೆ ಸ್ಥಾನಕ್ಕೆ ತಂದಿತು, ಕೆಲವೆಡೆ ತಪ್ಪಿತು. ಅವನ್ನು ನಾವು ಕರಡಿನಲ್ಲಿ ನೋಡಿ ತಿದ್ದಿದೆವು. ಸಂಚಿಕೆಯು ಶುದ್ಧವಾಯಿತೆಂದು ಒಪ್ಪಿಸಿದ ಮೇಲೆ ಅವರು ಮತ್ತೆ ಬಂದರು. 'ಗ್ರಂಥ' ಎಂಬ ಮಾತು ಬಂದಾಗ ಕೆಲವೆಡೆ 'ಗ್ರ, ಸೊನ್ನೆ, ಥ' ಎಂದು ಕೇಳಿಸುತ್ತಿತ್ತು. ಬೆರಳಚ್ಚು ಮಾಡಿದವರು ಅನುಸ್ವಾರದ ಬದಲು ಸಂಖ್ಯೆಯ ಸೊನ್ನೆಯನ್ನು ಒತ್ತಿದ್ದರು. ಕಾಗದದ ಮೇಲೆ ಎರಡೂ ಒಂದೇ ದುಂಡು. ಸಂಚಿಕೆಯ ಉದ್ದಕ್ಕೂ ಆ ಸೊನ್ನೆಗಳನ್ನು ಕಿವಿಯಿಂದ ಹುಡುಕಿ ತೆಗೆದವರು ಅವರೇ. ಮೂರು ಸಲ ಕರಡು ತಿದ್ದಿದ ನಮಗೆ ಅವುಗಳಲ್ಲಿ ಒಂದೂ ಕಂಡಿರಲಿಲ್ಲ.